ಕೌಂಟರ್ ಹತ್ರ ನೀನೇ ಮಾತಾಡು

ನಾನು ಕೆಲ್ಸ ಮಾಡೋದು ತುಮಕೂರಲ್ಲಿ, ಅಶೋಕ ರಸ್ತೆ ಹತ್ರ ಒಂದು ಸಣ್ಣ ಟಿಕೆಟ್ ಬುಕಿಂಗ್ ಆಫೀಸಲ್ಲಿ. ಬಸ್ಸು, ರೈಲು, ವಿಮಾನ, ಕಾಶಿ ಪ್ಯಾಕೇಜು, ಉಮ್ರಾ ಪ್ಯಾಕೇಜು, ಪಾಸ್‌ಪೋರ್ಟ್ ಅರ್ಜಿ ತುಂಬ್ಕೊಡೋದು, ಎಲ್ಲಾ ಮಾಡ್ತೀವಿ. ಜರ್ಮನಿಗೆ ಎಂಎಸ್ ಮಾಡಕ್ಕೆ ಹೋಗೋ ಹುಡುಗ್ರು ಬರ್ತಾರೆ, ಗಲ್ಫ್‌ಗೆ ಕೆಲ್ಸಕ್ಕೆ ಹೋಗೋರು ಬರ್ತಾರೆ. ಒಂದು ವಿಷ್ಯ ನಾನು ಬಹಳ ವರ್ಷದಿಂದ ನೋಡ್ತಾ ಬಂದಿದೀನಿ, ಅದೇನಂದ್ರೆ ಹೋಗೋರು ಬಾಯೇ ಬಿಡಲ್ಲ. ಇಪ್ಪತ್ಮೂರು ಇಪ್ಪತ್ನಾಕು ವರ್ಷದ ಹುಡುಗ ಪಕ್ಕದ ಕುರ್ಚೀಲಿ ಮೊಬೈಲ್ ನೋಡ್ತಾ ಕೂತಿರ್ತಾನೆ, ಅವ್ನ ಹೆಸರು, ಹುಟ್ಟಿದ ತಾರೀಕು, ಊಟ ವೆಜ್ಜಾ ನಾನ್‌ವೆಜ್ಜಾ, ಕಿಟಕಿ ಸೀಟ್ ಬೇಕಾ ಬೇಡ್ವಾ, ಎಲ್ಲಾ ಅವರಪ್ಪಾನೇ ಹೇಳ್ತಾರೆ. ನಾನು ಬೇಕಂತ್ಲೇ ಹುಡುಗನ ಕಡೆ ತಿರುಗಿ ಕೇಳ್ತೀನಿ, ಆಗ್ಲೂ ಅವ್ನು ಅಪ್ಪನ ಮುಖ ನೋಡ್ತಾನೆ. ಇನ್ನೊಂದು ತಿಂಗಳಿಗೆ ಏಳು ಸಾವಿರ ಕಿಲೋಮೀಟರ್ ಆಚೆ ಒಬ್ಬನೇ ರೂಮ್ ಬಾಡಿಗೆ ಮಾತಾಡ್ಬೇಕಾದ ಹುಡುಗ ಅವ್ನು.

ಅವ್ರೆಲ್ಲಾ ಹೆಂಗೋ ಹೋಗ್ತಾರೆ, ಹೆಂಗೋ ಕಲೀತಾರೆ. ನಾನೀಗ ಬರೀತಿರೋದು ಹಂಗೆ ಹೆಂಗೋ ಹೋಗಕ್ಕೆ ಆಗದೇ ಇರೋರ ಬಗ್ಗೆ, ಅಂದ್ರೆ ನಮ್ಮಕ್ಕನ ಮಗನ ಥರದೋರ ಬಗ್ಗೆ. ಬರೀಬಹುದು ಆದ್ರೆ ಹೆಸರು ಹಾಕ್ಬೇಡ ಚಿಕ್ಕಮ್ಮ ಅಂದಿದಾನೆ, ಹಾಗಾಗಿ ಹುಡುಗ ಅಂತ್ಲೇ ಬರೀತೀನಿ.

ಇಂಜಿನಿಯರಿಂಗ್ ಮುಗ್ಸಿದಾನೆ, ಮನೇಲೇ ಕೂತು ಕೆಲ್ಸ ಮಾಡ್ತಾನೆ, ಕೆಲ್ಸದಲ್ಲಿ ಚುರುಕು. ಆದ್ರೆ ಹೊರಗಡೆ ಅಂದ್ರೆ ಸಾಕು, ಕೈ ಬೆವರುತ್ತೆ, ಎದೆ ಡವಡವ ಅನ್ನುತ್ತೆ, ಹೊಟ್ಟೆ ಕೆಡುತ್ತೆ. ಕಾಲೇಜಲ್ಲಿದ್ದಾಗ ಒಂದ್ಸಲ ಬಸ್ಸಲ್ಲಿ ಉಸಿರೇ ಆಡ್ತಿಲ್ಲ ಅಂತ ಅರ್ಧ ದಾರೀಲಿ ಇಳ್ದು ಆಸ್ಪತ್ರೆಗೆ ಹೋಗಿದ್ದ, ಇಸಿಜಿ ಎಲ್ಲಾ ನಾರ್ಮಲ್, ಆಮೇಲೆ ಡಾಕ್ಟ್ರು ಇದು ಪ್ಯಾನಿಕ್ ಅಟ್ಯಾಕ್ ಅಂದ್ರು. ಅಲ್ಲಿಂದ ಕೌನ್ಸೆಲಿಂಗು, ಸ್ವಲ್ಪ ದಿನ ಮಾತ್ರೆ. ನಮ್ಮ ಭಾವಂದು ಒಂದೇ ಮಾತು, ಗಂಡು ಹುಡುಗ ಆಗಿ ಏನೋ ಇದು. ಹೆಣ್ಣುಮಕ್ಳು ಹೆದರಿದ್ರೆ ನಾವು ಜೊತೆಗೆ ಹೋಗ್ತೀವಿ, ಗಂಡುಮಕ್ಳು ಹೆದರಿದ್ರೆ ಬೈತೀವಿ. ಎರಡರಿಂದಲೂ ಹೆದರಿಕೆ ಕಮ್ಮಿ ಆಗಿದ್ದು ನಾನಂತೂ ನೋಡಿಲ್ಲ.

ಇಂಥ ಹುಡುಗ ಒಂದಿನ ನಮ್ಮನೆಗೆ ಬಂದು, ಚಿಕ್ಕಮ್ಮ ನಂಗೆ ಒಂದ್ಸಲ ಒಬ್ಬನೇ ಫಾರಿನ್‌ಗೆ ಹೋಗ್ಬೇಕು ಅಂದ. ರಾತ್ರಿಯೆಲ್ಲಾ ಟ್ರಾವೆಲ್ ವಿಡಿಯೋ ನೋಡ್ತಿದ್ದನಂತೆ. ಇಲ್ಲಿ ಒಂದು ಮಾತು ಹೇಳ್ಬೇಕು, ಆಸೆ ಅವ್ನದೇ ಆಗಿತ್ತು. ಆಸೆ ಅಪ್ಪ ಅಮ್ಮಂದಾಗಿದ್ರೆ, ಇವ್ನು ಸರಿ ಹೋಗ್ಲಿ ಅಂತ ಕಳ್ಸೋದಾಗಿದ್ರೆ, ನಾನು ಕೈ ಹಾಕ್ತಿರ್ಲಿಲ್ಲ. ಹೆದರೋರನ್ನ ತಳ್ಳಿ ಕಳ್ಸೋದು ಬೇರೆ, ಹೋಗ್ಬೇಕು ಅಂತಿರೋ ಹೆದರಿದವನಿಗೆ ದಾರಿ ಮಾಡ್ಕೊಡೋದು ಬೇರೆ.

ಅಕ್ಕ ತಕ್ಷಣ ಅಂದಿದ್ದು, "ನೀನೇ ಜೊತೆಗೆ ಹೋಗ್ಬಿಟ್ಟು ಬಾರೆ, ನಿಂಗೂ ಒಂದು ಸುತ್ತು ಆಗುತ್ತೆ." ನಂಗೇನೋ ಆಸೆ ಆಯ್ತು, ಸುಳ್ಳ್ಯಾಕೆ ಹೇಳ್ಲಿ. ಆದ್ರೆ ಹೋಗಲ್ಲ ಅಂದೆ.

ಮೊದಲು ಅವ್ನ ಹೆದರಿಕೆ ಯಾತರದ್ದು ಅಂತ ಕೂರಿಸಿ ಕೇಳ್ದೆ. ಮನೇಲೆಲ್ಲಾ ಅಂದ್ಕೊಂಡಿದ್ದು ಅವ್ನಿಗೆ ವಿಮಾನ ಭಯ, ಬಿದ್ದೋಗುತ್ತೆ ಅಂತ ಭಯ. ಅದಲ್ಲವೇ ಅಲ್ಲ. ಅವ್ನಿಗಿದ್ದ ಭಯ ಇಮಿಗ್ರೇಷನ್ ಕೌಂಟರ್‌ದು, ಅಂದ್ರೆ ಏರ್‌ಪೋರ್ಟಲ್ಲಿ ಪಾಸ್‌ಪೋರ್ಟ್ ನೋಡಿ ಸೀಲ್ ಒತ್ತೋ ಜಾಗದ್ದು. ಆಫೀಸರ್ ಏನೋ ಕೇಳ್ತಾನೆ, ಇವ್ನಿಗೆ ಅರ್ಥ ಆಗಲ್ಲ, ಇನ್ನೊಂದ್ಸಲ ಹೇಳಿ ಅನ್ನಕ್ಕೆ ಬಾಯಿ ಬರಲ್ಲ, ಹಿಂದೆ ಕ್ಯೂನಲ್ಲಿ ನಿಂತೋರೆಲ್ಲಾ ಇವ್ನನ್ನೇ ನೋಡ್ತಾರೆ. ಅಷ್ಟೇ. ಎರಡನೇದು ಬಾತ್‌ರೂಮ್ ಎಲ್ಲಿದೆ ಅಂತ ಗೊತ್ತಾಗದೆ ಇರೋದು. ಮೂರನೇದು ಎಲ್ರ ಮುಂದೆ ಪ್ಯಾನಿಕ್ ಬಂದು ಕುಸಿದು ಕೂತ್ರೆ ಜನ ವಿಡಿಯೋ ಮಾಡ್ತಾರೆ ಅನ್ನೋದು. ಭಾವ ಅವ್ನಿಗೆ ವಿಮಾನ ಎಷ್ಟು ಸೇಫು ಅಂತ ಅರ್ಧ ಗಂಟೆ ಲೆಕ್ಚರ್ ಕೊಟ್ಟಿದ್ರು ಪಾಪ, ಇಲ್ಲದಿರೋ ಭಯಕ್ಕೆ ಔಷಧಿ.

1924ರಲ್ಲಿ ಅಮೆರಿಕಾದಲ್ಲಿ ಮೇರಿ ಕವರ್ ಜೋನ್ಸ್ ಅಂತ ಒಬ್ರು ಸೈಕಾಲಜಿಸ್ಟು ಪೀಟರ್ ಅನ್ನೋ ಪುಟ್ಟ ಹುಡುಗನ ಮೊಲದ ಭಯ ಬಿಡಿಸಿದ ಪ್ರಯೋಗ ಬರೆದಿದಾರೆ, ಹುಡುಗ ತಿಂಡಿ ತಿಂತಿರೋವಾಗ ಪಂಜರದಲ್ಲಿರೋ ಮೊಲಾನ ದೂರದಲ್ಲಿ ಇಡೋದು, ಅವ್ನು ತಡ್ಕೊಂಡಷ್ಟೂ ದಿನದಿಂದ ದಿನಕ್ಕೆ ಹತ್ರ ತರೋದು, ಕೊನೇಗೆ ಅವ್ನೇ ಮೊಲ ಮುಟ್ಟಿ ಆಡೋ ಹಂಗಾಯ್ತು. ಆಮೇಲೆ 1950ರ ದಶಕದಲ್ಲಿ ಜೋಸೆಫ್ ವೋಲ್ಪೆ ಇದೇ ದಾರೀನ ದೊಡ್ಡೋರ ಚಿಕಿತ್ಸೆಗೆ ಕ್ರಮವಾಗಿ ತಂದ್ರು, ಈಗ ಎಕ್ಸ್‌ಪೋಷರ್ ಥೆರಪಿ ಅಂತ ಕರೀತಾರಲ್ಲ ಅದರ ಬೇರು ಅಲ್ಲಿದೆ. ಹುಡುಗನ ಕೌನ್ಸೆಲರ್ ಕೂಡ ಮೆಟ್ಲು ಮೆಟ್ಲಾಗಿ ಹೋಗಿ ಅಂತ್ಲೇ ಹೇಳಿದ್ರು. ನಾನು ಡಾಕ್ಟ್ರಲ್ಲ, ಟಿಕೆಟ್ ಮಾಡೋಳು, ನನ್ನ ಪಾಲಿಗೆ ಬಂದಿದ್ದು ಮೆಟ್ಲು ಕಟ್ಟೋ ಕೆಲ್ಸ. ಆ ಪೀಟರ್ ಕಥೇಲಿ ನಂಗೆ ಹಿಡಿಸಿದ್ದು ಏನಂದ್ರೆ ಮೊದಲ ದಿನಾನೇ ಯಾರೂ ಮೊಲ ತಂದು ಅವ್ನ ತೊಡೆ ಮೇಲೆ ಹಾಕ್ಲಿಲ್ಲ, ಹಂಗಂತ ಮಗು ಅಳುತ್ತೆ ಅಂತ ಮೊಲಾನ ಮನೆಯಿಂದ ಆಚೆಗೂ ಕಳಿಸ್ಲಿಲ್ಲ. ನಮ್ಮ ಮನೆಗಳಲ್ಲಿ ಇವೆರಡರಲ್ಲಿ ಒಂದು ನಡೆಯುತ್ತೆ.

ಮೊದಲನೇ ಮೆಟ್ಲು ಪಾಸ್‌ಪೋರ್ಟು. ನಾನು ದಿನಾ ಹತ್ತಾರು ಅರ್ಜಿ ತುಂಬೋಳು, ಅವಂದು ಮಾತ್ರ ತುಂಬ್ಲಿಲ್ಲ. ನೀನೇ ಸೈಟಿಗೆ ಹೋಗು, ನೀನೇ 1500 ರೂಪಾಯಿ ಕಟ್ಟು, ನೀನೇ ಅಪಾಯಿಂಟ್‌ಮೆಂಟ್ ತಗೋ. 2017ರಿಂದ ಪೋಸ್ಟ್ ಆಫೀಸ್‌ಗಳಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಶುರುವಾಗಿದ್ದು ನಮ್ಮಂಥ ಊರಿನೋರಿಗೆ ದೊಡ್ಡ ಉಪಕಾರ, ಮುಂಚೆ ಇದಕ್ಕೂ ಬೆಂಗಳೂರಿಗೇ ಹೋಗ್ಬೇಕಿತ್ತು. ಫೋಟೋ ಅವ್ರೇ ತೆಗೀತಾರೆ, ಬೆರಳಚ್ಚು ತಗೋತಾರೆ, ಒರಿಜಿನಲ್ ದಾಖಲೆ ನೋಡ್ತಾರೆ. ಹೆಸರಿನ ವಿಷ್ಯ ಒಂದು ಮಾತ್ರ ನಾನು ಕೂರಿಸಿ ಹೇಳಿದ್ದು, ಯಾಕಂದ್ರೆ ನಮ್ಮ ಕಡೆ ಎಲ್ರಿಗೂ ಇನಿಷಿಯಲ್ಲು. ಪಾಸ್‌ಪೋರ್ಟಲ್ಲಿ ಇನಿಷಿಯಲ್ ಬಿಡಿಸಿ ಬರೀಬೇಕು, ಸರ್‌ನೇಮ್ ಜಾಗ ಖಾಲಿ ಬಿಟ್ಟು ಒಂದೇ ಹೆಸರು ಹಾಕ್ಸಿದ್ರೆ ಮುಂದೆ ಟಿಕೆಟ್ ಮಾಡೋವಾಗ ತಲೆನೋವು, 2022ರ ನವೆಂಬರಲ್ಲಂತೂ ಯುಎಇ ಒಂದೇ ಹೆಸರಿರೋ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಕೊಡಲ್ಲ ಅಂತ ರೂಲ್ಸ್ ಮಾಡಿ ನಮ್ಮ ಆಫೀಸಲ್ಲಿ ಎಷ್ಟೋ ಜನ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ರು. ಆಮೇಲೆ ಪೊಲೀಸ್ ವೆರಿಫಿಕೇಷನ್. ಭಾವ, ಸ್ಟೇಷನಲ್ಲಿ ನಂಗೆ ಪರಿಚಯದೋರಿದಾರೆ ಒಂದು ಫೋನ್ ಹಾಕ್ತೀನಿ ಅಂದ್ರು. ಬೇಡ ಭಾವ ಅಂದೆ. ಹುಡುಗ ಹೋದ, ಯೂನಿಫಾರ್ಮ್ ಹಾಕಿರೋರು ನಾಲ್ಕು ಪ್ರಶ್ನೆ ಕೇಳಿದ್ರು, ಉತ್ರ ಹೇಳ್ದ, ಸೈನ್ ಹಾಕ್ದ, ಬಂದ. ಬಂದವನೇ ನಂಗೆ ಫೋನ್ ಮಾಡಿ, ಚಿಕ್ಕಮ್ಮ ಎರಡನೇ ಪ್ರಶ್ನೆ ನಂಗೆ ಕೇಳಿಸ್ಲಿಲ್ಲ, ಸಾರ್ ಇನ್ನೊಂದ್ಸಲ ಹೇಳಿ ಅಂದೆ, ಅವ್ರು ಹೇಳಿದ್ರು ಅಷ್ಟೇ ಅಂದ. ಅವ್ನ ದೊಡ್ಡ ಭಯದ ಕೌಂಟರ್ ಅದೇ ಅಲ್ವಾ, ಫಾರಿನ್‌ಗೆ ಹೋಗಕ್ಕೆ ಮುಂಚೆ ತುಮಕೂರಲ್ಲೇ ಒಂದು ಚೂರು ಸವೀತು.

ಇನ್ನುಳಿದ ಮೆಟ್ಲುಗಳನ್ನ ಬೇಗ ಹೇಳಿ ಮುಗಿಸ್ತೀನಿ. ತುಮಕೂರಿಂದ ಯಶವಂತಪುರಕ್ಕೆ ಪ್ಯಾಸೆಂಜರಲ್ಲಿ ಒಬ್ಬನೇ ಹೋಗಿ ಬರೋದು, ಮೊದಮೊದಲು ಕ್ಯಾತ್ಸಂದ್ರ, ಹಿರೇಹಳ್ಳಿ ದಾಟೋದ್ರಲ್ಲೇ ಇಳಿದ್ಬಿಡ್ಲಾ ಅಂತ ಮೆಸೇಜು. ಆಮೇಲೆ ಅಪ್ ಅಂಡ್ ಡೌನ್ ಮಾಡೋರ ರಶ್ ಇರೋ ಟೈಮಲ್ಲಿ ಅದೇ ರೈಲು. ಆಮೇಲೆ ದೇವನಹಳ್ಳಿ ಏರ್‌ಪೋರ್ಟಿಗೆ ಸುಮ್ನೆ ಬಸ್ಸಲ್ಲಿ ಹೋಗಿ, ಹೊರಗಡೆ ಕೂತು ಕಾಫಿ ಕುಡ್ದು, ಜನ ಟ್ರಾಲಿ ತಳ್ಕೊಂಡು ಹೋಗೋದು ನೋಡಿ ವಾಪಸ್ ಬರೋದು. ಇದು ಕೇಳಿ ಭಾವ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಚೆನ್ನೈಗೆ ರೈಲಲ್ಲಿ ಹೋಗಿ ರಾತ್ರಿ ಲಾಡ್ಜಲ್ಲಿ ಉಳಿಯೋದು, ಭಾಷೆ ಬರದ ಊರಲ್ಲಿ ಲಾಡ್ಜ್ ಕೌಂಟರಲ್ಲಿ ಐಡಿ ಕೊಟ್ಟು ರೂಮ್ ತಗೊಳ್ಳೋದು ಅವ್ನೇ. ಆಮೇಲೆ ಹೈದರಾಬಾದಿಗೆ ವಿಮಾನದಲ್ಲಿ, ಯಾಕಂದ್ರೆ ಮೊದಲ ವಿಮಾನಾನೂ ಮೊದಲ ಫಾರಿನ್ನೂ ಒಂದೇ ದಿನ ಆಗ್ಬಾರ್ದು ಅಂತ ನನ್ನ ಹಠ. ಎಲ್ಲಾ ಸರಾಗವಾಗಿ ಆಯ್ತು ಅಂತೇನಲ್ಲ. ಒಂದ್ಸಲ ಸ್ಟೇಷನ್‌ವರೆಗೆ ಹೋಗಿ ಮನೆಗೆ ಬಂದ. ಅವತ್ತು ಯಾರೂ ಏನೂ ಅನ್ನಬೇಡಿ ಅಂತ ಅಕ್ಕನಿಗೆ ಹೇಳಿದ್ದೆ, ಬೈಬೇಡಿ, ಅಯ್ಯೋ ಪಾಪ ಅಂತಾನೂ ಅನ್ನಬೇಡಿ, ಊಟಕ್ಕೆ ಹಾಕಿ. ಮುಂದಿನ ವಾರ ಅದೇ ರೈಲಿಗೆ ಹೋದ.

ಈ ಉದ್ದಕ್ಕೂ ಕಷ್ಟದ್ದು ಅಂದ್ರೆ "ಏನಾದ್ರೂ ಆದ್ರೆ?" ಅನ್ನೋ ಪ್ರಶ್ನೆ. ಪಾಸ್‌ಪೋರ್ಟ್ ಕಳೆದ್ರೆ? ಹೋಟ್ಲು ಬುಕಿಂಗ್ ಇಲ್ಲ ಅಂದ್ರೆ? ಫೋನ್ ಆಫ್ ಆದ್ರೆ? ರಾತ್ರಿ ಹನ್ನೊಂದಕ್ಕೆ ಮೆಸೇಜ್ ಬರ್ತಿತ್ತು, ಅದೇ ಪ್ರಶ್ನೆ ಬೆಳಗ್ಗೆ ಬೇರೆ ವೇಷದಲ್ಲಿ. ಆತಂಕ ಇರೋರು ಹಿಂಗೆ ಮತ್ತೆ ಮತ್ತೆ ಭರವಸೆ ಕೇಳೋದು ಗೊತ್ತಿರೋ ಲಕ್ಷಣವೇ, ಉತ್ರ ಸಿಕ್ಕ ತಕ್ಷಣ ಹಾಯ್ ಅನ್ಸುತ್ತೆ, ಒಂದು ಗಂಟೆ ಕಳೆದ್ರೆ ಮತ್ತೆ ಶುರು, ಕೇಳಿ ಕೇಳಿ ತನ್ನ ತಲೆ ಮೇಲೆ ತನಗೇ ನಂಬಿಕೆ ಹೋಗುತ್ತೆ. ಹಾಗಾಗಿ ನಾನು ಮಾಡ್ಕೊಂಡ ನಿಯಮ, ಯಾವ ಪ್ರಶ್ನೆಗಾದ್ರೂ ಒಂದ್ಸಲ ಪೂರ್ತಿ ಉತ್ರ ಹೇಳೋದು, ಎರಡನೇ ಸಲ ಕೇಳಿದ್ರೆ "ನೀನೇನ್ ಮಾಡ್ತೀಯ ಹೇಳು" ಅನ್ನೋದು. ಪಾಸ್‌ಪೋರ್ಟ್ ಕಳೆದ್ರೆ ಅಲ್ಲಿನ ಪೊಲೀಸ್ ಹತ್ರ ದೂರು ಕೊಟ್ಟು ಆ ಕಾಪಿ ಹಿಡ್ಕೊಂಡು ನಮ್ಮ ಎಂಬಸಿಗೆ ಹೋಗ್ಬೇಕು, ಅವ್ನು ಹೋಗಕ್ಕೆ ಹೊರಟಿದ್ದ ಮಲೇಷ್ಯಾ ಕಾಮನ್‌ವೆಲ್ತ್ ದೇಶ ಆಗಿರೋದ್ರಿಂದ ಅಲ್ಲಿ ಎಂಬಸಿ ಅನ್ನಲ್ಲ, ಹೈಕಮಿಷನ್, ಕೌಲಾಲಂಪುರದಲ್ಲಿದೆ, ಅವ್ರು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡ್ತಾರೆ, ಅದ್ರಲ್ಲಿ ಊರಿಗೆ ಬರಬಹುದು. ಇದನ್ನ ಒಂದ್ಸಲ ಹೇಳ್ದೆ. ಎರಡನೇ ಸಲ ಅವ್ನೇ ನಂಗೆ ಹೇಳ್ದ, ಅದೂ ನಾನು ಬಿಟ್ಟಿದ್ದ ಒಂದು ವಿಷ್ಯ ಸೇರಿಸಿ, ಪಾಸ್‌ಪೋರ್ಟಿನ ಮೊದಲ ಕೊನೆ ಪುಟದ ಫೋಟೋ ತೆಗ್ದು ಈಮೇಲಿಗೆ ಹಾಕಿಟ್ಕೊಂಡಿದೀನಿ ಅಂತ.

ಅಂದಹಾಗೆ ಮಲೇಷ್ಯಾ ಯಾಕೆ ಅಂತ ಎಲ್ರೂ ಕೇಳಿದ್ರು. ಅವ್ನ ಕನಸು ಸ್ವಿಟ್ಜರ್ಲ್ಯಾಂಡು, ವಿಡಿಯೋ ನೋಡೋರ ಕನಸೆಲ್ಲಾ ಅದೇ. ಆದ್ರೆ ಅಲ್ಲಿಗೆ ಬೇಕಾಗೋ ಷೆಂಗನ್ ವೀಸಾ, ಯೂರೋಪಿನ ಹಲವು ದೇಶಕ್ಕೆ ಒಟ್ಟಿಗೆ ಕೊಡೋ ವೀಸಾ, ಅಂದ್ರೆ ಬ್ಯಾಂಕ್ ಸ್ಟೇಟ್‌ಮೆಂಟು, ಇನ್ಷೂರೆನ್ಸು, ಬೆರಳಚ್ಚು, ವಾರಗಟ್ಲೆ ಕಾಯೋದು, ಕೊನೇಗೆ ರಿಜೆಕ್ಟ್ ಆದ್ರೆ ಈ ಹುಡುಗ ಅದನ್ನ ತಾನು ಲಾಯಕ್ಕಿಲ್ಲ ಅನ್ನೋದಕ್ಕೆ ಸಿಕ್ಕ ಸರ್ಟಿಫಿಕೇಟ್ ಅಂದ್ಕೋತಾನೆ. ನೇಪಾಳಕ್ಕೆ ನಮ್ಮೋರಿಗೆ ಪಾಸ್‌ಪೋರ್ಟೂ ಬೇಕಾಗಿಲ್ಲ, ವೋಟರ್ ಐಡಿ ಸಾಕು, ಆದ್ರೆ ಅವ್ನಿಗೆ ಬೇಕಾಗಿದ್ದಿದ್ದೇ ಪಾಸ್‌ಪೋರ್ಟಿಗೆ ಸೀಲ್ ಬೀಳೋ ಆ ಕೌಂಟರ್ ದಾಟೋದು. ಮಲೇಷ್ಯಾಗೆ 2023ರ ಡಿಸೆಂಬರ್ 1ರಿಂದ ಭಾರತದೋರು 30 ದಿನದವರೆಗೆ ವೀಸಾ ಇಲ್ದೆ ಹೋಗಬಹುದು, 2026ರ ಕೊನೆವರೆಗೆ ಅದನ್ನ ಮುಂದುವರಿಸಿದಾರೆ (ಇಂಥವು ಬದಲಾಗ್ತಾ ಇರ್ತವೆ, ಟಿಕೆಟ್ ಮಾಡೋ ದಿನ ಅವರ ಸರ್ಕಾರದ ಸೈಟಲ್ಲಿ ನೋಡ್ಕೊಳಿ). ಬೆಂಗಳೂರಿಂದ ಕೌಲಾಲಂಪುರಕ್ಕೆ ನೇರ ವಿಮಾನ, ನಾಲ್ಕು ಗಂಟೆ ಆಸುಪಾಸು. ಟೈಮು ನಮಗಿಂತ ಎರಡೂವರೆ ಗಂಟೆ ಮುಂದೆ ಅಷ್ಟೇ. ಇಂಗ್ಲಿಷ್ ನಡೆಯುತ್ತೆ, ತಮಿಳರು ತುಂಬಾ ಇದಾರೆ, ಬ್ರಿಕ್‌ಫೀಲ್ಡ್ಸ್ ಅನ್ನೋ ಲಿಟಲ್ ಇಂಡಿಯಾದಲ್ಲಿ ಬಾಳೆಲೆ ಊಟ ಸಿಗುತ್ತೆ, ಅದು ಕೆಎಲ್ ಸೆಂಟ್ರಲ್ ಅನ್ನೋ ಮುಖ್ಯ ರೈಲ್ವೆ ಸ್ಟೇಷನ್‌ನಿಂದ ನಡೆಯೋ ದೂರ. ಏರ್‌ಪೋರ್ಟ್ ಊರಿಂದ ಐವತ್ತು ಕಿಲೋಮೀಟರಿಗೂ ಜಾಸ್ತಿ ದೂರ ಇದ್ರೂ ಎಕ್ಸ್‌ಪ್ರೆಸ್ ರೈಲು ಅರ್ಧ ಗಂಟೇಲಿ ಅದೇ ಸೆಂಟ್ರಲ್‌ಗೆ ತಂದು ಬಿಡುತ್ತೆ, ಟ್ಯಾಕ್ಸಿಯವ್ನ ಹತ್ರ ಚೌಕಾಸಿ ಮಾಡೋ ಗೋಜಿಲ್ಲ. ಮೊದಲ ಸಲ ಹೋಗೋ ಹೆದರಿದ ಹುಡುಗನಿಗೆ ಇದಕ್ಕಿಂತ ಇನ್ನೇನು ಬೇಕು.

ಪ್ಲಾನ್ ಮಾಡಕ್ಕೆ ಕೂತಾಗ ಅವ್ನು ಒಂದು ಎಕ್ಸೆಲ್ ಶೀಟ್ ಮಾಡ್ಕೊಂಡು ಬಂದ, ಬೆಳಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಅರ್ಧರ್ಧ ಗಂಟೆಗೂ ಏನ್ ಮಾಡ್ಬೇಕು ಅಂತ. ಅದನ್ನ ನೋಡಿ ನಂಗೇ ಆತಂಕ ಆಯ್ತು. ನಾನು ಹೇಳಿದ್ದು, ಇಳಿದ ಮೇಲಿನ ಮೊದಲ ಮೂರು ಗಂಟೆ ಮಾತ್ರ ಚೆನ್ನಾಗಿ ಬರ್ಕೋ, ಮಿಕ್ಕಿದ್ದು ಬಿಡು. ವಿಮಾನ ಹಗಲು ಹೊತ್ತಲ್ಲಿ ಇಳಿಯೋ ಥರ ತಗೊಂಡ್ವಿ. ಕಾಗದದ ಮೇಲೆ, ಹೌದು ಕಾಗದದ ಮೇಲೆ, ಮೊಬೈಲ್ ಸತ್ರೂ ಇರ್ಲಿ ಅಂತ: ಇಮಿಗ್ರೇಷನ್, ಬ್ಯಾಗು, ಎಟಿಎಮ್ಮು, ಸಿಮ್ಮು, ರೈಲು, ಹೋಟ್ಲು. ಇಮಿಗ್ರೇಷನಲ್ಲಿ ಎರಡೂ ತೋರುಬೆರಳು ಸ್ಕ್ಯಾನ್ ಮಾಡಿಸ್ತಾರೆ, ಎಷ್ಟು ದಿನ, ಎಲ್ಲಿ ಉಳ್ಕೊಳ್ತೀಯ, ವಾಪಸ್ ಟಿಕೆಟ್ ಇದ್ಯಾ, ಇಷ್ಟೇ ಸಾಮಾನ್ಯವಾಗಿ ಕೇಳೋದು, ಕೇಳದೇನೂ ಇರಬಹುದು. ಹೋಗೋಕೆ ಮುಂಚಿನ ಮೂರು ದಿನದ ಒಳಗೆ ಡಿಜಿಟಲ್ ಅರೈವಲ್ ಕಾರ್ಡ್ ಅನ್ನೋ ಆನ್‌ಲೈನ್ ಫಾರಂ ತುಂಬ್ಬೇಕು, ಸರ್ಕಾರಿ ಸೈಟಲ್ಲಿ ಅದು ಫ್ರೀ, ದುಡ್ಡು ಕೇಳಿದ್ರೆ ಅದು ನಕಲಿ ಸೈಟು ಅಂತ ತಿಳ್ಕೊಳಿ. ಅಲ್ಲಿನ ಪ್ಲಗ್ ಪಾಯಿಂಟ್ ಚೌಕದ ಮೂರು ಪಿನ್ನು, ನಮ್ಮ ಚಾರ್ಜರ್ ಹೋಗಲ್ಲ, ಅಡಾಪ್ಟರ್ ಬೇಕು. ಪವರ್ ಬ್ಯಾಂಕ್ ಕೈಲಿರೋ ಬ್ಯಾಗಲ್ಲೇ ಇರ್ಬೇಕು, ಚೆಕ್-ಇನ್‌ಗೆ ಹಾಕಂಗಿಲ್ಲ.

ಚೆಕ್-ಇನ್ ಅಂದ್ರೆ ನೆನಪಾಯ್ತು, ಅಕ್ಕ ತಿಪಟೂರಿನ ಕೊಬ್ಬರಿ ನಾಲ್ಕು ಗಿಟುಕು ಬ್ಯಾಗಿಗೆ ತುಂಬಿದ್ಲು, ಅಲ್ಲಿ ತೆಂಗಿನಕಾಯಿ ಸಿಗುತ್ತೋ ಇಲ್ವೋ ಅಂತ. ಮಲೇಷ್ಯಾದಲ್ಲಿ! ಅಲ್ಲಿ ಅನ್ನಾನೇ ತೆಂಗಿನಹಾಲಲ್ಲಿ ಬೇಯಿಸ್ತಾರೆ. ಅದಕ್ಕಿಂತ ದೊಡ್ಡ ವಿಷ್ಯ, ಒಣ ಕೊಬ್ಬರಿ ವಿಮಾನದ ಲೆಕ್ಕದಲ್ಲಿ ಅಪಾಯಕಾರಿ ವಸ್ತು, ಎಣ್ಣೆ ಅಂಶ ಜಾಸ್ತಿ ಇರೋದ್ರಿಂದ ತಾನಾಗೇ ಬಿಸಿಯಾಗಿ ಹೊತ್ಕೊಳ್ಳೋ ಪಟ್ಟೀಲಿದೆ. ನಮ್ಮ ಜಿಲ್ಲೆಯೋರು ಇದು ಗೊತ್ತಿಲ್ದೆ ಏರ್‌ಪೋರ್ಟಲ್ಲಿ ಬ್ಯಾಗ್ ಬಿಚ್ಚಿಸ್ಕೊಳ್ಳೋದು ಮಾಮೂಲು, ಆತಂಕದ ಹುಡುಗನಿಗೆ ಎಲ್ರ ಮುಂದೆ ಬ್ಯಾಗ್ ಬಿಚ್ಚೋ ಪರಿಸ್ಥಿತಿ ಬೇಕಿರ್ಲಿಲ್ಲ. ಕೊಬ್ಬರಿ ಇಳಿಸಿ ಚಟ್ನಿಪುಡಿ ಇಟ್ವಿ.

ಮಾತ್ರೆ ಬಗ್ಗೆ ಸ್ವಲ್ಪ ಸೀರಿಯಸ್ಸಾಗಿ. ಆತಂಕಕ್ಕೆ ಕೊಡೋ ಕೆಲವು ಮಾತ್ರೆ, ಕ್ಲೊನಜೆಪಾಮ್, ಆಲ್‌ಪ್ರಜೋಲಾಮ್ ಥರದವು, ಎಷ್ಟೋ ದೇಶಗಳಲ್ಲಿ ಕಂಟ್ರೋಲ್ಡ್ ಔಷಧಿ, ಯುಎಇಗೆ ತಗೊಂಡು ಹೋಗ್ಬೇಕಾದ್ರೆ ಮುಂಚೆನೇ ಅನುಮತಿ ಬೇಕು. ಯಾವ ದೇಶಕ್ಕೆ ಹೋಗ್ತೀರೋ ಅಲ್ಲಿನ ನಿಯಮ ನೋಡ್ಕೊಂಡು, ಡಾಕ್ಟರ್ ಚೀಟಿ ಇಂಗ್ಲಿಷಲ್ಲಿ ಬರೆಸ್ಕೊಂಡು, ಸ್ಟ್ರಿಪ್ ಸಮೇತ ಕೈಲಿರೋ ಬ್ಯಾಗಲ್ಲಿ ಇಟ್ಕೊಳಿ, ಡಬ್ಬಿಗೆ ಬಿಡಿಬಿಡಿ ಹಾಕ್ಕೊಂಡು ಹೋಗ್ಬೇಡಿ. ಟ್ರಿಪ್ಪಿಗೆ ಅಂತ ತಾವೇ ಡೋಸ್ ಜಾಸ್ತಿ ಮಾಡ್ಕೊಳ್ಳೋದು, ಹೋಗೋ ವಾರ ನಿಲ್ಲಿಸ್ಬಿಡೋದು, ಎರಡೂ ಬೇಡ. ಇನ್ನೂ ಯಾರ ಹತ್ರಾನೂ ತೋರಿಸ್ದೇ ಇರೋರು ಟಿಕೆಟ್‌ಗಿಂತ ಮುಂಚೆ ಅದನ್ನ ಮಾಡಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಅಂತ ನಡೆಸ್ತಾರೆ, ಕೇಂದ್ರ ಸರ್ಕಾರದ ಟೆಲಿ-ಮಾನಸ್ 14416 ಇದೆ, 2022ರ ಅಕ್ಟೋಬರಿಂದ ನಡೀತಿದೆ, ಕನ್ನಡದಲ್ಲೇ ಮಾತಾಡ್ಬಹುದು, ದುಡ್ಡಿಲ್ಲ.

ಪ್ಯಾನಿಕ್ ಬಂದ್ರೆ ಏನು ಅನ್ನೋದನ್ನ ಕೌನ್ಸೆಲರ್ ಅವ್ನ ಜೊತೆ ಕೂತು ಮಾತಾಡಿದ್ರು, ನಾನು ಕೇಳಿಸ್ಕೊಂಡಿದ್ದು ಇಷ್ಟು. ಡೇವಿಡ್ ಕ್ಲಾರ್ಕ್ ಅನ್ನೋ ಬ್ರಿಟಿಷ್ ಸೈಕಾಲಜಿಸ್ಟ್ 1986ರಲ್ಲಿ ಹೇಳಿದ್ದು, ಪ್ಯಾನಿಕ್ ಅಂದ್ರೆ ದೇಹದ ಮಾಮೂಲಿ ಸೂಚನೇನ ತಪ್ಪಾಗಿ ಓದ್ಕೊಳ್ಳೋದು. ಎದೆ ಜೋರಾಗಿ ಹೊಡ್ಕೊಂಡ್ರೆ ಹಾರ್ಟ್ ಅಟ್ಯಾಕು ಅಂದ್ಕೊಳ್ಳೋದು, ಹಂಗಂದ್ಕೊಂಡಿದ್ದಕ್ಕೇ ಇನ್ನೂ ಜೋರಾಗಿ ಹೊಡ್ಕೊಳ್ಳೋದು. ಅದು ಕೆಲವೇ ನಿಮಿಷದಲ್ಲಿ ತುದಿ ಮುಟ್ಟಿ ತಾನಾಗೇ ಇಳಿಯುತ್ತೆ. ಓಡಿ ಹೋದ್ರೆ ಓಡಿದ್ದಕ್ಕೇ ಬದುಕ್ಕೊಂಡೆ ಅಂತ ಮನಸ್ಸು ಲೆಕ್ಕ ಬರ್ಕೊಳ್ಳುತ್ತೆ, ಕೂತಲ್ಲೇ ಕೂತ್ರೆ ಬೇರೆ ಲೆಕ್ಕ. ಇದ್ರ ಮೇಲೆ ನಾನು ಒಂದು ಟಿಕೆಟ್ ಮಾಡೋಳ ನಿಯಮ ಸೇರಿಸ್ದೆ: ವಾಪಸ್ ಬರ್ಬೇಕು ಅನ್ಸಿದ್ರೆ ಬಾ, ಯಾರೂ ಏನೂ ಅನ್ನಲ್ಲ, ದುಡ್ಡು ಹೋದ್ರೆ ಹೋಗ್ಲಿ, ಆದ್ರೆ ಟಿಕೆಟ್ ಚೇಂಜ್ ಮಾಡೋ ನಿರ್ಧಾರ ಒಂದು ರಾತ್ರಿ ಮಲಗಿ ಎದ್ದು ತಿಂಡಿ ತಿಂದ ಮೇಲೆ ಮಾತ್ರ. ಎದೆ ಡವಡವ ಅನ್ನೋವಾಗ ಟಿಕೆಟ್ ಮುಟ್ಟಂಗಿಲ್ಲ.

ಇಷ್ಟೆಲ್ಲಾ ಹುಡುಗನ ಕಡೆದಾಯ್ತು. ಜಾಸ್ತಿ ಕೆಲ್ಸ ಇದ್ದಿದ್ದು ಅಕ್ಕನ ಕಡೆ. ಅಕ್ಕನಿಗೆ ಲೈವ್ ಲೊಕೇಷನ್ ಬೇಕು, ಮೂರು ಹೊತ್ತು ವಿಡಿಯೋ ಕಾಲ್ ಬೇಕು, ಏನ್ ತಿಂದೆ ಅಂತ ಫೋಟೋ ಬೇಕು. ಅಮೆರಿಕಾದ ಯೇಲ್ ಯೂನಿವರ್ಸಿಟೀಲಿ ಎಲಿ ಲೆಬೊವಿಟ್ಜ್ ಅನ್ನೋರು ಒಂದು ಚಿಕಿತ್ಸೆ ಮಾಡಿದಾರೆ, ಅದ್ರಲ್ಲಿ ಆತಂಕ ಇರೋ ಮಗುನ ಕರೆಯೋದೇ ಇಲ್ಲ, ಅಪ್ಪ ಅಮ್ಮಂಗೆ ಮಾತ್ರ ತರಬೇತಿ, ಮಗುವಿನ ಭಯಕ್ಕೆ ತಕ್ಕಂತೆ ಮನೆಯೋರು ಮಾಡ್ಕೊಂಡಿರೋ ಹೊಂದಾಣಿಕೆಗಳನ್ನ ಒಂದೊಂದಾಗಿ ಬಿಡೋದು. 7ರಿಂದ 14 ವರ್ಷದ ಮಕ್ಕಳ ಮೇಲೆ ನೋಡ್ದಾಗ ಅದು ಮಕ್ಕಳಿಗೇ ಕೊಡೋ ಥೆರಪಿಯಷ್ಟೇ ಕೆಲ್ಸ ಮಾಡ್ತಂತೆ. ನಮ್ಮ ಹುಡುಗ ದೊಡ್ಡೋನು, ಆ ಲೆಕ್ಕ ನೇರ ಅನ್ವಯ ಆಗಲ್ಲ, ಆದ್ರೆ ನಮ್ಮ ಮನೆ ನೋಡಿದ್ರೆ ಗೊತ್ತಾಗೋದು, ಅವ್ನು ಹೋಟ್ಲಲ್ಲಿ ಏನ್ ಬೇಕು ಅಂತ ಹೇಳಕ್ಕೆ ಹೆದರ್ತಾನೆ ಅಂತ ಅವ್ನ ಬದ್ಲು ಅಕ್ಕಾನೇ ಆರ್ಡರ್ ಹೇಳ್ತಾಳೆ, ಕೊರಿಯರ್‌ನೋನ ಜೊತೆ ಮಾತಾಡಕ್ಕೆ ಹೆದರ್ತಾನೆ ಅಂತ ಭಾವ ಫೋನ್ ತಗೋತಾರೆ, ಎಲ್ಲಾ ಪ್ರೀತಿಯಿಂದಾನೇ. ಕೊನೆಗೆ ಅಕ್ಕನ ಹತ್ರ ಒಪ್ಪಂದ ಮಾಡ್ಕೊಂಡಿದ್ದು ಹಿಂಗೆ: ಇಳಿದಾಗ ಒಂದು ಮೆಸೇಜ್, ರಾತ್ರಿ ಮಲಗೋಕೆ ಮುಂಚೆ ಒಂದು ಮೆಸೇಜ್, ಮಧ್ಯ ಅವ್ನಾಗೇ ಮಾಡಿದ್ರೆ ಸರಿ, ನಾವು ಮಾಡಂಗಿಲ್ಲ. ರಾತ್ರಿ ಮೆಸೇಜ್ ಬರ್ಲಿಲ್ಲ ಅಂದ್ರೆ ಬೆಳಗ್ಗೆವರೆಗೆ ಕಾದು ಹೋಟ್ಲಿಗೆ ಫೋನು, ಅದ್ರ ನಂತ್ರ ಹೈಕಮಿಷನ್. ನಂಬರ್‌ಗಳನ್ನ ಬರೆದು ಫ್ರಿಜ್ ಮೇಲೆ ಅಂಟಿಸಿದ್ವಿ. ಬರೆದಿಟ್ಟಿದ್ರಿಂದ ಅಕ್ಕನಿಗೆ ಸ್ವಲ್ಪ ನಿದ್ದೆ ಬಂತು.

ಹೋಗೋ ದಿನ ತುಮಕೂರಿಂದ ಡಾಬಸ್‌ಪೇಟೆ, ದೊಡ್ಡಬಳ್ಳಾಪುರ ಮೇಲೆ ದೇವನಹಳ್ಳಿ ಸೇರ್ಕೊಂಡ್ವಿ, ಈಗ ಆ ರಿಂಗ್ ರೋಡ್ ಆಗಿರೋದ್ರಿಂದ ಬೆಂಗಳೂರು ಟ್ರಾಫಿಕ್ ಮುಟ್ಟೋದೇ ಬೇಡ. ಇಂಟರ್‌ನ್ಯಾಷನಲ್ ಎಲ್ಲಾ 2023ರ ಸೆಪ್ಟೆಂಬರಿಂದ ಎರಡನೇ ಟರ್ಮಿನಲ್ಲು. ಟಿಕೆಟ್ ಇಲ್ದೋರ್ನ ಒಳಗೆ ಬಿಡಲ್ಲ, ಅದು ಒಳ್ಳೇದೇ ಆಯ್ತು, ಇಲ್ಲಾಂದ್ರೆ ಅಕ್ಕ ಇಮಿಗ್ರೇಷನ್‌ವರೆಗೆ ಹೋಗ್ತಿದ್ಲು. ಹುಡುಗನ ಮುಖ ಬಿಳಿಚ್ಕೊಂಡಿತ್ತು. ಹೆದರಿಕೆ ಆಗ್ತಿದ್ಯಾ ಅಂದೆ, ಹೂಂ ಅಂದ. ಆಗ್ಲಿ, ಕ್ಯೂ ಆ ಕಡೆ ಅಂದೆ.

ಹೋದ, ಇದ್ದ, ಬಂದ. ಏನೇನು ನೋಡ್ದ ಅನ್ನೋದು ಎಲ್ಲಾ ವಿಡಿಯೋದಲ್ಲೂ ಸಿಗುತ್ತೆ, 452 ಮೀಟರ್ ಎತ್ತರದ ಪೆಟ್ರೋನಾಸ್ ಜೋಡಿ ಗೋಪುರ, ಬಾಟು ಕೇವ್ಸ್‌ನ ಮುರುಗನ ದೊಡ್ಡ ಮೂರ್ತಿ, ಬಣ್ಣ ಬಳ್ದಿರೋ 272 ಮೆಟ್ಲು, ದೇವರಾಯನದುರ್ಗದ ಕೋತಿ ಕಂಡವನಿಗೆ ಅಲ್ಲಿನ ಕೋತಿ ಏನೂ ಅನ್ನಿಸ್ಲಿಲ್ವಂತೆ. ಇಮಿಗ್ರೇಷನಲ್ಲಿ ಆಫೀಸರ್ ಒಂದೇ ಒಂದು ಮಾತೂ ಆಡ್ದೆ ಸೀಲ್ ಒತ್ತಿ ಕಳ್ಸಿದ್ರಂತೆ, ತಿಂಗಳುಗಟ್ಲೆ ಪ್ರಾಕ್ಟೀಸ್ ಮಾಡಿದ್ದ ಉತ್ರಗಳೆಲ್ಲಾ ಬಾಯಲ್ಲೇ ಉಳ್ಕೊಂಡ್ವು ಅಂತ ಬೇಜಾರು ಬೇರೆ.

ನಂಗೆ ಮುಖ್ಯ ಅನ್ಸಿದ್ದು ಅವ್ನು ಬಂದು ಎಷ್ಟೋ ದಿನ ಆದ್ಮೇಲೆ, ಅದೂ ಮಾತಿಗೆ ಮಾತು ಬಂದು ಹೇಳಿದ್ದು. ಬಾಟು ಕೇವ್ಸ್‌ಗೆ ಹೋಗೋ ಲೋಕಲ್ ರೈಲಲ್ಲಿ ಹೆಂಗಸರಿಗೆ ಅಂತ ಬೇರೆ ಡಬ್ಬಿ ಇರುತ್ತೆ, ಗುಲಾಬಿ ಬಣ್ಣದ ಬೋರ್ಡ್ ಹಾಕಿರ್ತಾರೆ. ಇವ್ನು ಬಾಗ್ಲು ಮುಚ್ಚುತ್ತೆ ಅಂತ ಓಡೋಗಿ ಅದಕ್ಕೇ ಹತ್ತಿದಾನೆ. ತಲೆ ಎತ್ತಿ ನೋಡಿದ್ರೆ ಡಬ್ಬಿ ಪೂರ್ತಿ ಹೆಂಗಸ್ರು, ಎಲ್ರೂ ಇವ್ನನ್ನೇ ನೋಡ್ತಿದಾರೆ. ಅಂದ್ರೆ ಅವ್ನು ವರ್ಷಗಟ್ಲೆ ರಾತ್ರಿ ನಿದ್ದೆ ಬಿಟ್ಟು ಹೆದರಿದ್ದ ಆ ಸೀನೇ, ಇಲ್ಲೆಲ್ಲೋ ಅಲ್ಲ, ಫಾರಿನಲ್ಲೇ, ಒಬ್ಬನೇ ಇದ್ದಾಗಲೇ ಬಂದ್ಬಿಡ್ತು. ಕಿವಿ ಬಿಸಿ ಆಯ್ತಂತೆ, ಎದೆ ಹೊಡ್ಕೊಳ್ತಂತೆ. ಒಬ್ರು ವಯಸ್ಸಾದ ಅಮ್ಮ ತಮಿಳಲ್ಲಿ ಪಕ್ಕದ ಡಬ್ಬಿಗೆ ಹೋಗಪ್ಪ ಅಂತ ಕೈ ತೋರಿಸಿದ್ರಂತೆ. ಸಾರಿ ಅಂದು ನಡ್ಕೊಂಡು ಹೋದ್ನಂತೆ, ಅಷ್ಟೊತ್ತಿಗೆ ಅವ್ರೆಲ್ಲಾ ತಿರುಗಿ ಮೊಬೈಲ್ ನೋಡ್ತಾ ಇದ್ರಂತೆ. "ನಂಗೆ ಫೋನ್ ಮಾಡ್ಬೇಕು ಅನ್ಸಿಲ್ವಾ" ಅಂತ ಕೇಳ್ದೆ. "ಮಾಡಿ ಏನ್ ಹೇಳ್ಲಿ ಚಿಕ್ಕಮ್ಮ, ಲೇಡೀಸ್ ಡಬ್ಬಿ ಹತ್ತಿದೀನಿ ಅಂತಾನಾ?"

ಅವ್ನ ಆತಂಕ ಹೋಗಿಲ್ಲ, ಯಾರಾದ್ರೂ ಹೋಯ್ತಾ ಅಂತ ಕೇಳಿದ್ರೆ ಅಂತ ಹೇಳ್ತಿದೀನಿ. ಈಗ್ಲೂ ಗೊತ್ತಿಲ್ಲದ ನಂಬರ್ ಫೋನ್ ಎತ್ತಲ್ಲ, ಮದುವೆ ಮನೆಗಳಿಗೆ ಬರಲ್ಲ, ಕೌನ್ಸೆಲಿಂಗ್ ನಡೀತಾನೇ ಇದೆ. ಹೋದ ವಾರ ವಿಯೆಟ್ನಾಂ ಇ-ವೀಸಾ ಅರ್ಜಿ ಹಾಕಿದಾನೆ. ಅದ್ರಲ್ಲಿ ಯಾವ ಏರ್‌ಪೋರ್ಟಲ್ಲಿ ಇಳೀತೀಯ, ಎಲ್ಲಿಂದ ಹೊರಡ್ತೀಯ ಅಂತ ಮುಂಚೆನೇ ಬರೀಬೇಕು, ಹನೋಯ್‌ನಲ್ಲಿ ಇಳಿದು ಹೋ ಚಿ ಮಿನ್ ಸಿಟಿಯಿಂದ ವಾಪಸ್ ಅಂತ ಬರೆದಿದಾನಂತೆ, ಮಧ್ಯದ ದಾರಿಯೆಲ್ಲಾ ರೈಲಲ್ಲಿ. ನನ್ನ ಹತ್ರ ಕೇಳ್ಲಿಲ್ಲ, ಟಿಕೆಟ್ಟೂ ನಮ್ಮ ಆಫೀಸಲ್ಲಿ ಮಾಡಿಸ್ಲಿಲ್ಲ, ಮೊಬೈಲಲ್ಲೇ ಮಾಡ್ಕೊಂಡಿದಾನೆ. ನಂಗೆ ಇದೆಲ್ಲಾ ಗೊತ್ತಾಗಿದ್ದು ಅಕ್ಕ ಫೋನ್ ಮಾಡಿ, ಅಲ್ಲಿ ಕೊಬ್ಬರಿ ಬಿಡ್ತಾರೇನೆ ಅಂತ ಕೇಳ್ದಾಗ.